ಡಾಟ್ ಕಾಂ ಹೆಸರಿಗೆ ಕಟ್ಟುವ ದುಡ್ಡು ಎಲ್ಲಿ ಸೇರುತ್ತದೆ? ವೆರಿಸೈನ್ ಕಂಪನಿಯ ಲೆಕ್ಕಪತ್ರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಸಾಗರದ ಕಡೆಯ ಸಣ್ಣ ವ್ಯಾಪಾರಸ್ಥರ ನಲವತ್ತು ಚಿಲ್ಲರೆ ವೆಬ್‌ಸೈಟುಗಳನ್ನು ನಾನು ನೋಡಿಕೊಳ್ಳುತ್ತೇನೆ. ಡೊಮೇನ್ ನವೀಕರಣದ ಬಿಲ್ ಕಳಿಸಿದಾಗಲೆಲ್ಲ ಫೋನ್ ಬರುತ್ತದೆ. "ಬರೀ ಹೆಸರಿಗೆ ಇಷ್ಟು ದುಡ್ಡು ಯಾಕ್ರೀ? ಹೋದ ವರ್ಷಕ್ಕಿಂತ ಜಾಸ್ತಿ ಆಗಿದೆಯಲ್ಲ?" ಮೊದಮೊದಲು "ಡಾಲರ್ ಏರಿದೆ ಸರ್" ಎಂದು ಹೇಳಿ ಮುಗಿಸುತ್ತಿದ್ದೆ. ಅದು ಅರ್ಧ ಸತ್ಯ ಮಾತ್ರ. ಉಳಿದರ್ಧ ಸಿಕ್ಕಿದ್ದು ವೆರಿಸೈನ್ ಎಂಬ ಅಮೆರಿಕದ ಕಂಪನಿಯ ವಾರ್ಷಿಕ ವರದಿಗಳಲ್ಲಿ. ಆ ವರದಿಗಳನ್ನು ಓದಿಕೊಂಡು, ನನ್ನನ್ನು ಕೇಳಿದವರಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ಬೇರೆ ಇಸವಿ ಹೇಳದ ಕಡೆ ಅಂಕಿಗಳೆಲ್ಲ 2024ರ ವರ್ಷದವು. ಮೊತ್ತಗಳನ್ನು ಕೋಟಿ ಡಾಲರ್ ಲೆಕ್ಕದಲ್ಲಿ ಕೊಟ್ಟಿದ್ದೇನೆ. ನೂರು ಕೋಟಿ ಎಂದರೆ ಒಂದು ಬಿಲಿಯನ್.

ನಾನು ದುಡ್ಡು ಕಟ್ಟುವುದು ಬೇರೆ ಕಂಪನಿಗೆ. ನಡುವೆ ಈ ವೆರಿಸೈನ್ ಎಲ್ಲಿಂದ ಬಂತು?

ನೀವು ದುಡ್ಡು ಕಟ್ಟುವವರು ರಿಜಿಸ್ಟ್ರಾರ್, ಅಂದರೆ ಚಿಲ್ಲರೆ ಮಾರಾಟಗಾರ. ಅಂಥವರು ಜಗತ್ತಿನಲ್ಲಿ ಸಾವಿರಾರು ಮಂದಿ ಇದ್ದಾರೆ, ಬೇಡವಾದರೆ ಬದಲಾಯಿಸಬಹುದು. ರಿಜಿಸ್ಟ್ರಿ ಎಂದರೆ ಆ ಹೆಸರುಗಳ ಮೂಲ ದಫ್ತರ ಇಟ್ಟುಕೊಂಡವರು. ಡಾಟ್ ಕಾಂ ಮತ್ತು ಡಾಟ್ ನೆಟ್‌ನ ದಫ್ತರ ಇರುವುದು ವರ್ಜೀನಿಯಾ ರಾಜ್ಯದ ರೆಸ್ಟನ್‌ನಲ್ಲಿ ಮುಖ್ಯ ಕಚೇರಿ ಇರುವ ವೆರಿಸೈನ್ ಕೈಯಲ್ಲಿ. ಜಮೀನು ಕೊಳ್ಳಲು ಯಾವ ಬ್ರೋಕರ್ ಹತ್ತಿರ ಹೋದರೂ ಕೊನೆಗೆ ನೋಂದಣಿ ಆಗುವುದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೇ ಅಲ್ಲವೇ, ಹಾಗೆ. ಒಂದೇ ವ್ಯತ್ಯಾಸ: ಈ ಕಚೇರಿ ಷೇರುಪೇಟೆಯಲ್ಲಿರುವ ಖಾಸಗಿ ಕಂಪನಿ.

ನನ್ನ ಹೆಸರು ಅವರ ದಫ್ತರದಲ್ಲಿ ಇದೆ ಎಂದು ನೋಡುವುದು ಹೇಗೆ?

ಯಾವುದಾದರೂ ಹೂಈಸ್ ಹುಡುಕಾಟದಲ್ಲಿ, ಅಂದರೆ ಡೊಮೇನಿನ ನೋಂದಣಿ ವಿವರ ತೋರಿಸುವ ಪುಟದಲ್ಲಿ, ನಿಮ್ಮ ಡಾಟ್ ಕಾಂ ಹೆಸರು ಹಾಕಿ. ಬರುವ ವಿವರದಲ್ಲಿ 'ರಿಜಿಸ್ಟ್ರಿ ಡೊಮೇನ್ ಐಡಿ' ಎಂಬ ಸಾಲು ಇರುತ್ತದೆ. ಒಂದು ಉದ್ದನೆಯ ಸಂಖ್ಯೆ, ಆಮೇಲೆ 'ಡೊಮೇನ್', 'ಕಾಂ' ಎಂಬ ಪದಗಳು, ಕೊನೆಗೆ ಒಂದು ಅಡ್ಡಗೆರೆ ಹಾಕಿ ನಾಲ್ಕು ಅಕ್ಷರ: ವಿ, ಆರ್, ಎಸ್, ಎನ್. ನ್ಯಾಸ್ಡಾಕ್ ಷೇರುಪೇಟೆಯಲ್ಲಿ ವೆರಿಸೈನ್ ಷೇರಿನ ಗುರುತೂ ಇದೇ ನಾಲ್ಕು ಅಕ್ಷರ. ನಾನು ಇದನ್ನು ಮೊದಲು ಗಮನಿಸಿದ್ದು ಒಬ್ಬ ಅಡಿಕೆ ಮಂಡಿಯವರ ಡೊಮೇನ್ ಯಾರ ಹೆಸರಿನಲ್ಲಿದೆ ಎಂದು ಹುಡುಕುವಾಗ. ಸಾಗರದ ಮಂಡಿಯ ಹೆಸರಿನ ಬಾಲದಲ್ಲಿ ನ್ಯೂಯಾರ್ಕಿನ ಷೇರಿನ ಗುರುತು! ಅವತ್ತು ರಾತ್ರಿಯೇ ಕೂತು ವಾರ್ಷಿಕ ವರದಿ ತೆರೆದೆ.

ನಾನು ಕಟ್ಟುವ ದುಡ್ಡಿನಲ್ಲಿ ಅವರಿಗೆ ಎಷ್ಟು?

2024ರ ಸೆಪ್ಟೆಂಬರ್ 1ರಿಂದ ಒಂದು ಡಾಟ್ ಕಾಂ ಹೆಸರಿಗೆ ವರ್ಷಕ್ಕೆ 10.26 ಡಾಲರ್ ಸಗಟು ದರ. ಡಾಲರಿಗೆ 85 ರೂಪಾಯಿ ಹಿಡಿದರೆ 872 ರೂಪಾಯಿ. ರಿಜಿಸ್ಟ್ರಾರ್ ಇದನ್ನು ನೇರವಾಗಿ ವೆರಿಸೈನ್‌ಗೆ ಕಟ್ಟಬೇಕು. ಅದರಲ್ಲಿ 25 ಸೆಂಟ್ ಐಕ್ಯಾನ್‌ಗೆ, ಅಂದರೆ ಡೊಮೇನ್ ವ್ಯವಸ್ಥೆಯ ನಿಯಮಗಳನ್ನು ನೋಡಿಕೊಳ್ಳುವ ಲಾಭರಹಿತ ಸಂಸ್ಥೆಗೆ ಹೋಗುತ್ತದೆ. ರಿಜಿಸ್ಟ್ರಾರ್ ಬೇರೆಯಾಗಿ 18 ಸೆಂಟ್ ಐಕ್ಯಾನ್‌ಗೆ ಕೊಡುತ್ತಿದ್ದ. 2025ರ ಜುಲೈನಿಂದ ಅದು 20 ಸೆಂಟ್. ಮಿಕ್ಕಿದ್ದು ರಿಜಿಸ್ಟ್ರಾರನ ಲಾಭ ಮತ್ತು ಖರ್ಚು. ಅದರ ಮೇಲೆ ನಮ್ಮಲ್ಲಿ ಶೇ 18 ಜಿಎಸ್‌ಟಿ.

"ಮೊದಲ ವರ್ಷ 99 ರೂಪಾಯಿ" ಎಂಬ ಜಾಹೀರಾತು ನೋಡಿ ಮೋಸಹೋಗಬೇಡಿ. ಆ ವರ್ಷವೂ ವೆರಿಸೈನ್‌ಗೆ ಸಗಟು ದುಡ್ಡು ಹೋಗಲೇಬೇಕು. ಚಿಲ್ಲರೆಯವನು ಕೈಯಿಂದ ಹಾಕಿ, ಎರಡನೇ ವರ್ಷದ ನವೀಕರಣದಲ್ಲಿ ವಸೂಲು ಮಾಡುತ್ತಾನೆ.

ಕಂಪನಿಯ ವಾರ್ಷಿಕ ಗಳಿಕೆ ಎಷ್ಟು?

2024ರಲ್ಲಿ ಆದಾಯ ಸುಮಾರು 155.7 ಕೋಟಿ ಡಾಲರ್. ಕಾರ್ಯಾಚರಣೆ ಲಾಭ ಸುಮಾರು 105.8 ಕೋಟಿ. ಬಡ್ಡಿ, ತೆರಿಗೆ ಕಳೆದು ನಿವ್ವಳ ಲಾಭ 78.6 ಕೋಟಿ. ನೌಕರರು ಸಾವಿರಕ್ಕೂ ಕಡಿಮೆ. ಅಂದರೆ ತಲಾ ಒಬ್ಬ ನೌಕರನಿಗೆ ಹದಿನಾರು ಲಕ್ಷ ಡಾಲರಿಗೂ ಹೆಚ್ಚು ಆದಾಯ.

ನಿಧಾನವಾಗಿ ನೋಡಬೇಕಾದ್ದು ಎರಡನೇ ಅಂಕಿಯನ್ನು. ನೂರು ಡಾಲರ್ ಬಂದರೆ ದೈನಂದಿನ ಖರ್ಚೆಲ್ಲ ಕಳೆದು ಸುಮಾರು 68 ಡಾಲರ್ ಉಳಿಯುತ್ತದೆ. ನೂರು ರೂಪಾಯಿ ವ್ಯಾಪಾರದಲ್ಲಿ ಹತ್ತು ಉಳಿದರೆ ನಮ್ಮ ಕಿರಾಣಿ ಅಂಗಡಿಯವರು ದೇವರಿಗೆ ಕೈ ಮುಗಿಯುತ್ತಾರೆ. ಬೆಂಗಳೂರಿನ ದೊಡ್ಡ ಐಟಿ ಕಂಪನಿಗಳಲ್ಲಿ ಇದು ಇಪ್ಪತ್ತರ ಆಸುಪಾಸು.

ಅಷ್ಟೊಂದು ಉಳಿಯುವುದು ಹೇಗೆ? ಅವರಿಗೆ ಖರ್ಚೇ ಇಲ್ಲವೇ?

ಇದೆ. ಸೇವೆ ಕೊಡುವ ನೇರ ವೆಚ್ಚ ಸುಮಾರು 19 ಕೋಟಿ ಡಾಲರ್, ಸಂಶೋಧನೆಗೆ ಹತ್ತು ಕೋಟಿಗೆ ಸ್ವಲ್ಪ ಕಡಿಮೆ, ಆಡಳಿತ ಮತ್ತು ಮಾರಾಟಕ್ಕೆ ಸುಮಾರು 21 ಕೋಟಿ. ಕೆಲಸವೂ ಹಗುರದ್ದಲ್ಲ. ನೀವು ಬ್ರೌಸರಿನಲ್ಲಿ ಡಾಟ್ ಕಾಂ ವಿಳಾಸ ಒತ್ತಿದಾಗ 'ಈ ಹೆಸರಿನ ಸರ್ವರ್ ಎಲ್ಲಿದೆ' ಎಂದು ಕೇಳುವ ಪ್ರಶ್ನೆಗೆ ದಾರಿ ತೋರಿಸುವುದು ಇವರ ಯಂತ್ರಗಳು. ಅಂಥ ಪ್ರಶ್ನೆಗಳು ದಿನಕ್ಕೆ ಹತ್ತಾರು ಸಾವಿರ ಕೋಟಿ. ಇಂಟರ್‌ನೆಟ್ಟಿನ ಬೇರಿನಲ್ಲಿರುವ ಹದಿಮೂರು ರೂಟ್ ಸರ್ವರ್ ಗುರುತುಗಳಲ್ಲಿ 'ಎ' ಮತ್ತು 'ಜೆ' ಎರಡನ್ನೂ ನಡೆಸುವುದು ಇವರೇ. ಡಾಟ್ ಕಾಂ ವ್ಯವಸ್ಥೆ ಎರಡೂವರೆ ದಶಕಕ್ಕೂ ಹೆಚ್ಚು ಕಾಲ ನಿಲ್ಲದೆ ನಡೆದಿದೆ. ಆ ಎಂಜಿನಿಯರುಗಳ ಬಗ್ಗೆ ನನಗೆ ಮನಃಪೂರ್ವಕ ಗೌರವ ಇದೆ.

ಆದರೆ ಈ ಕೆಲಸದ ಸ್ವಭಾವ ಹೇಗೆಂದರೆ, ಒಂದು ಹೆಸರು ಹೆಚ್ಚಿಗೆ ಸೇರಿಸಲು ಬೀಳುವ ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಯಂತ್ರಗಳು ಹೇಗೂ ಓಡುತ್ತಿರುತ್ತವೆ. ಹಾಗಾಗಿ ದರ ಏರಿಸಿದಾಗ ಬರುವ ಹೆಚ್ಚುವರಿ ದುಡ್ಡು ಬಹುಪಾಲು ನೇರ ಲಾಭಕ್ಕೇ ಇಳಿಯುತ್ತದೆ. 2024ರಲ್ಲಿ ದರ 9.59ರಿಂದ 10.26ಕ್ಕೆ ಏರಿತು, ಅಂದರೆ 67 ಸೆಂಟ್. ಆ ವರ್ಷದ ಕೊನೆಗೆ ಇದ್ದ ಡಾಟ್ ಕಾಂ ಹೆಸರುಗಳು ಸುಮಾರು 15.6 ಕೋಟಿ. ಗುಣಿಸಿದರೆ ವರ್ಷಕ್ಕೆ ಹತ್ತು ಕೋಟಿ ಡಾಲರಿಗೂ ಹೆಚ್ಚು. ಇದಕ್ಕಾಗಿ ಒಂದು ಹೊಸ ಯಂತ್ರವನ್ನೂ ಕೊಳ್ಳಬೇಕಾಗಿಲ್ಲ.

ಈ ದರವನ್ನು ಯಾರು ನಿಗದಿ ಮಾಡುತ್ತಾರೆ?

ಇಡೀ ವಿಷಯದ ಕೀಲಿ ಇರುವುದು ಇಲ್ಲಿ. ವೆರಿಸೈನ್‌ನ ನಿಜವಾದ ಆಸ್ತಿ ಕಟ್ಟಡವೂ ಅಲ್ಲ, ಸರ್ವರೂ ಅಲ್ಲ. ಎರಡು ಒಪ್ಪಂದಗಳು. ಒಂದು ಐಕ್ಯಾನ್ ಜತೆಗಿನ ಡಾಟ್ ಕಾಂ ರಿಜಿಸ್ಟ್ರಿ ಒಪ್ಪಂದ. ಇನ್ನೊಂದು ಅಮೆರಿಕದ ವಾಣಿಜ್ಯ ಇಲಾಖೆಯ ಎನ್‌ಟಿಐಎ ಎಂಬ ದೂರಸಂಪರ್ಕ ವಿಭಾಗದ ಜತೆಗಿನ ಸಹಕಾರ ಒಪ್ಪಂದ. ದರದ ಮಿತಿ ಬರುವುದು ಈ ಎರಡನೆಯದರಿಂದ.

1995ರವರೆಗೆ ಡೊಮೇನ್ ಹೆಸರಿಗೆ ಬಳಕೆದಾರ ದುಡ್ಡು ಕೊಡಬೇಕಿರಲಿಲ್ಲ. ಆ ವರ್ಷ, ಆಗ ದಫ್ತರ ಇಟ್ಟುಕೊಂಡಿದ್ದ ನೆಟ್‌ವರ್ಕ್ ಸೊಲ್ಯೂಷನ್ಸ್ ಕಂಪನಿ ಎರಡು ವರ್ಷಕ್ಕೆ 100 ಡಾಲರ್ ಶುಲ್ಕ ಶುರುಮಾಡಿತು. ಆಮೇಲೆ ಚಿಲ್ಲರೆ ಮಾರಾಟವನ್ನು ಎಲ್ಲರಿಗೂ ತೆರೆದು, ಸಗಟು ದರ 6 ಡಾಲರಿಗೆ ನಿಂತಿತು. ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಏರಿ 2012ರ ಜನವರಿಗೆ 7.85 ಡಾಲರ್ ಆಯಿತು. ಅದೇ ವರ್ಷದ ಕೊನೆಗೆ ವಾಣಿಜ್ಯ ಇಲಾಖೆ ಇನ್ನು ಏರಿಸಕೂಡದು ಎಂದು ತಡೆಯಿತು. ಸುಮಾರು ಒಂಬತ್ತು ವರ್ಷ ದರ ಅಲ್ಲೇ ಇತ್ತು. 2018ರಲ್ಲಿ ಒಪ್ಪಂದ ತಿದ್ದುಪಡಿ ಆಗಿ, ಪ್ರತಿ ಆರು ವರ್ಷದ ಅವಧಿಯಲ್ಲಿ ಕೊನೆಯ ನಾಲ್ಕು ವರ್ಷ, ವರ್ಷಕ್ಕೆ ಶೇ 7ರವರೆಗೆ ಏರಿಸಬಹುದು ಎಂದಾಯಿತು. ಆಮೇಲೆ ನೋಡಿ: 2021ರ ಸೆಪ್ಟೆಂಬರಿನಲ್ಲಿ 8.39, 2022ರಲ್ಲಿ 8.97, 2023ರಲ್ಲಿ 9.59, 2024ರಲ್ಲಿ 10.26. ನಾಲ್ಕು ಸಲವೂ ಮಿತಿಯ ತುದಿಯವರೆಗೆ ಏರಿಸಿದರು. ಒಟ್ಟು ಶೇ 30 ದಾಟಿತು.

ಯಂತ್ರಗಳು ಅಗ್ಗವಾಗುತ್ತಾ ಬಂದ ಕಾಲದಲ್ಲಿ, ಪೈಪೋಟಿ ಇಲ್ಲದ ಸೇವೆಗೆ ಇಷ್ಟು ಏರಿಕೆ ನ್ಯಾಯ ಎಂದು ನನಗೆ ಅನ್ನಿಸುವುದಿಲ್ಲ. ಕಂಪನಿಯ ವಾದ ಬೇರೆ. ಭದ್ರತೆಗೆ ಹೂಡಿಕೆ ಬೇಕು, ಡಾಟ್ ಇನ್, ಡಾಟ್ ಆರ್ಗ್ ಥರದ ಬೇರೆ ನೂರಾರು ವಿಸ್ತರಣೆಗಳು ಇರುವಾಗ ಗ್ರಾಹಕನಿಗೆ ಆಯ್ಕೆ ಇದೆ ಎನ್ನುತ್ತದೆ. ಆದರೆ ಹದಿನೈದು ವರ್ಷದಿಂದ ಬಿಲ್ ಪುಸ್ತಕ, ಬೋರ್ಡು, ಟೆಂಪೋ ಮೇಲೆಲ್ಲ ಒಂದೇ ವಿಳಾಸ ಬರೆಸಿಕೊಂಡ ಅಂಗಡಿಯವನಿಗೆ ಅದು ಎಂಥ ಆಯ್ಕೆ?

ಡೊಮೇನ್‌ಗಳ ಸಂಖ್ಯೆ ಇಳಿದಿದೆ ಎಂದು ಓದಿದೆ. ಆದಾಯ ಏರಿದ್ದು ಹೇಗೆ?

ದರ ಏರಿಕೆಯಿಂದಲೇ. 2023ರ ಕೊನೆಗೆ ಡಾಟ್ ಕಾಂ, ಡಾಟ್ ನೆಟ್ ಎರಡೂ ಸೇರಿ 17.27 ಕೋಟಿ ಹೆಸರು ಇದ್ದವು. 2024ರ ಕೊನೆಗೆ 16.9 ಕೋಟಿ. ಚೀನಾದ ಕಡೆಯ ಬೇಡಿಕೆ ಕುಸಿದದ್ದು ಒಂದು ದೊಡ್ಡ ಕಾರಣ. ಆದರೂ ಆ ವರ್ಷ ಆದಾಯ ಶೇ 4ರಷ್ಟು ಏರಿತು. 2025ರ ಮಧ್ಯದ ಹೊತ್ತಿಗೆ ಸಂಖ್ಯೆ ಮತ್ತೆ 17.05 ಕೋಟಿಗೆ ಬಂತು.

ಇಲ್ಲಿ ನೋಡಬೇಕಾದ ಇನ್ನೊಂದು ಅಳತೆ ನವೀಕರಣದ ಪ್ರಮಾಣ. ನೂರು ಹೆಸರುಗಳಲ್ಲಿ ಎಪ್ಪತ್ತನಾಲ್ಕರ ಆಸುಪಾಸು ನವೀಕರಣ ಆಗುತ್ತವೆ. ಬಿಟ್ಟುಹೋಗುವವು ಹೆಚ್ಚಾಗಿ ಒಂದೇ ವರ್ಷಕ್ಕೆ ಕೊಂಡ, ಎಲ್ಲೂ ಬಳಸದ ಹೆಸರುಗಳು. ಅಂಗಡಿ, ಕಾಲೇಜು, ಆಸ್ಪತ್ರೆಯ ಹೆಸರುಗಳು ಬಿಡುವುದು ಕಡಿಮೆ. ಕಂಪನಿಗೆ ಧೈರ್ಯ ಇರುವುದು ಇವರನ್ನು ನಂಬಿ.

ಬ್ಯಾಲೆನ್ಸ್ ಶೀಟಿನಲ್ಲಿ 130 ಕೋಟಿ ಡಾಲರ್ 'ಮುಂದೂಡಿದ ಆದಾಯ' ಎಂದು ಹೊಣೆಯ ಕಡೆ ಇದೆ. ಅದು ಸಾಲವೇ?

ಅಲ್ಲ. ಕಲ್ಯಾಣ ಮಂಟಪದವರ ಲೆಕ್ಕ ನೆನೆಸಿಕೊಳ್ಳಿ. ಬರುವ ವೈಶಾಖದ ಮದುವೆಗೆ ಈಗಲೇ ಪೂರ್ತಿ ಮುಂಗಡ ಇಸಕೊಂಡಿದ್ದಾರೆ. ದುಡ್ಡು ಬ್ಯಾಂಕಿನಲ್ಲಿದೆ, ಆದರೆ ಮದುವೆ ನಡೆಸಿಕೊಡುವ ಬಾಧ್ಯತೆ ಬಾಕಿ ಇದೆ. ಮದುವೆ ಮುಗಿದ ಮೇಲೆಯೇ ಅದು ಆದಾಯ. ಡೊಮೇನಿನಲ್ಲಿ ಒಂದರಿಂದ ಹತ್ತು ವರ್ಷದ ದುಡ್ಡು ಮೊದಲೇ ಕೈಸೇರುತ್ತದೆ. ಅದನ್ನು ದಿನದಿನಕ್ಕೆ ಹಂಚಿ ಆದಾಯಕ್ಕೆ ಬರೆದುಕೊಳ್ಳುತ್ತಾರೆ.

ಇದರಿಂದ ಒಂದು ಪರಿಣಾಮ ಇದೆ. 2024ರ ಆಗಸ್ಟಿನಲ್ಲಿ ಹಳೇ ದರದಲ್ಲಿ ನವೀಕರಿಸಿದ ಹೆಸರು 2025ರ ಆಗಸ್ಟಿನವರೆಗೂ ಹಳೇ ದರದ ಆದಾಯವನ್ನೇ ಕೊಡುತ್ತದೆ. ಹಾಗಾಗಿ ದರ ಏರಿದ ವರ್ಷದಲ್ಲಿ ಆದಾಯ ಒಮ್ಮೆಲೇ ಜಿಗಿಯುವುದಿಲ್ಲ, ಒಂದೆರಡು ವರ್ಷದಲ್ಲಿ ಮೆಲ್ಲಗೆ ಏರುತ್ತಾ ಬರುತ್ತದೆ. ದರ ಏರಿಸಲು ಅವಕಾಶ ಇಲ್ಲದ 2025ರಲ್ಲೂ ಆದಾಯ ಏರುತ್ತಿದ್ದದ್ದು ಯಾಕೆ ಎಂದು ಕೇಳಿದವರಿಗೆ ಇದು ಮುಖ್ಯ ಉತ್ತರ.

ಆಸ್ತಿಗಿಂತ ಹೊಣೆ ಜಾಸ್ತಿ ಇದೆ, ಷೇರುದಾರರ ಬಂಡವಾಳ ಮೈನಸ್ 196 ಕೋಟಿ ಡಾಲರ್. ಕಂಪನಿ ದಿವಾಳಿಯೇ?

ನನ್ನನ್ನೂ ಮೊದಲು ಬೆಚ್ಚಿಬೀಳಿಸಿದ ಅಂಕಿ ಇದು. ನಮ್ಮೂರಿನ ಸಹಕಾರಿ ಸಂಘದ ಲೆಕ್ಕದಲ್ಲಿ ಹೀಗೆ ಬಂದಿದ್ದರೆ ಮಹಾಸಭೆಯಲ್ಲಿ ಗಲಾಟೆ ಆಗುತ್ತಿತ್ತು.

ಕಾರಣ ನಷ್ಟ ಅಲ್ಲ, ಷೇರು ಮರುಖರೀದಿ. ಕಂಪನಿ ಗಳಿಸಿದ ದುಡ್ಡನ್ನು ಒಳಗೆ ಇಟ್ಟುಕೊಳ್ಳದೆ ಪೇಟೆಯಿಂದ ತನ್ನದೇ ಷೇರುಗಳನ್ನು ಕೊಂಡು ಚಲಾವಣೆಯಿಂದ ತೆಗೆಯುತ್ತದೆ. 2024ರಲ್ಲಿ ವ್ಯವಹಾರದಿಂದ ಕೈಗೆ ಬಂದ ನಗದು ಸುಮಾರು 90 ಕೋಟಿ ಡಾಲರ್. ಮರುಖರೀದಿಗೆ ಸುರಿದದ್ದು 120 ಕೋಟಿ. ವರ್ಷಗಟ್ಟಲೆ ಹೀಗೇ ಮಾಡಿದರೆ ಪುಸ್ತಕದಲ್ಲಿ ಬಂಡವಾಳ ಮೈನಸ್ ಆಗುತ್ತದೆ. ಅವರ ಅತಿ ದೊಡ್ಡ ಆಸ್ತಿಯಾದ ಡಾಟ್ ಕಾಂ ಒಪ್ಪಂದಕ್ಕೆ ಪುಸ್ತಕದಲ್ಲಿ ಬೆಲೆಯನ್ನೇ ಬರೆದಿಲ್ಲ, ಅದನ್ನೂ ಮರೆಯಬಾರದು. ದಿನನಿತ್ಯದ ಬಾಕಿ ತೀರಿಸಲು ನಗದು ಧಾರಾಳವಾಗಿ ಹರಿದುಬರುತ್ತಿದೆ.

ಸಾಲ ಎಷ್ಟಿದೆ?

ಸುಮಾರು 180 ಕೋಟಿ ಡಾಲರ್ ಬಾಂಡ್ ಸಾಲ. 2025ರಲ್ಲಿ ತೀರಬೇಕಿದ್ದ 50 ಕೋಟಿಯನ್ನು 2032ರ ಹೊಸ ಬಾಂಡ್ ತಂದು ತೀರಿಸಿದರು. ಬಡ್ಡಿ ವರ್ಷಕ್ಕೆ ಏಳೂವರೆ ಕೋಟಿ. ಕಾರ್ಯಾಚರಣೆ ಲಾಭ ಅದರ ಹದಿನಾಲ್ಕು ಪಟ್ಟು.

2024ರಲ್ಲಿ ನಿವ್ವಳ ಲಾಭ ಇಳಿಯಿತು, ಆದರೆ ಪ್ರತಿ ಷೇರಿನ ಗಳಿಕೆ ಏರಿತು. ಹೇಗೆ ಸಾಧ್ಯ?

2023ರಲ್ಲಿ ನಿವ್ವಳ ಲಾಭ 81.8 ಕೋಟಿ, ಪ್ರತಿ ಷೇರಿಗೆ 7.90 ಡಾಲರ್. 2024ರಲ್ಲಿ 78.6 ಕೋಟಿ, ಪ್ರತಿ ಷೇರಿಗೆ 8.00 ಡಾಲರ್. 2023ರಲ್ಲಿ ತೆರಿಗೆಯಲ್ಲಿ ಒಂದು ಸಲದ ಲಾಭ ಸಿಕ್ಕಿದ್ದರಿಂದ ಆ ವರ್ಷದ ಮೊತ್ತ ಉಬ್ಬಿತ್ತು. ಪ್ರತಿ ಷೇರಿನ ಗಳಿಕೆ ಏರಿದ್ದಕ್ಕೆ ಕಾರಣ ಮರುಖರೀದಿ. ಹೋಳಿಗೆ ಸ್ವಲ್ಪ ಚಿಕ್ಕದಾಯಿತು, ಪಂಕ್ತಿಯಲ್ಲಿ ಕೂತವರು ಇನ್ನೂ ಕಡಿಮೆ ಆದರು.

ಡಿವಿಡೆಂಡ್ ಕೊಡುತ್ತಾರೆಯೇ? ವಾರೆನ್ ಬಫೆಟ್ ಹೆಸರು ಯಾಕೆ ಕೇಳಿಬರುತ್ತದೆ?

ಬಹಳ ಕಾಲ ಮರುಖರೀದಿಯನ್ನೇ ನೆಚ್ಚಿಕೊಂಡಿದ್ದ ಕಂಪನಿ 2025ರ ಏಪ್ರಿಲಿನಲ್ಲಿ ಮೂರು ತಿಂಗಳಿಗೊಮ್ಮೆ ಷೇರಿಗೆ 77 ಸೆಂಟ್ ಕೊಡುವುದಾಗಿ ಪ್ರಕಟಿಸಿತು. ಅಮೆರಿಕದ ಹೂಡಿಕೆದಾರ ಬಫೆಟ್ ಅವರ ಬರ್ಕ್‌ಷೈರ್ ಹ್ಯಾಥವೇ ಕಂಪನಿ 2012ರಿಂದ ಇದರ ದೊಡ್ಡ ಷೇರುದಾರ. 2025ರ ಜುಲೈನಲ್ಲಿ ಷೇರಿಗೆ 285 ಡಾಲರಿನಂತೆ 43 ಲಕ್ಷ ಷೇರು ಮಾರಿ ತನ್ನ ಪಾಲನ್ನು ಶೇ 10ಕ್ಕಿಂತ ಕೆಳಗೆ ತಂದುಕೊಂಡಿತು.

ಈ ಕಂಪನಿಗೆ ಕಷ್ಟದ ದಿನಗಳು ಬಂದೇ ಇಲ್ಲವೇ?

ಬಂದಿವೆ. ವೆರಿಸೈನ್ 1995ರಲ್ಲಿ ಹುಟ್ಟಿದ್ದು ವೆಬ್‌ಸೈಟ್ ಅಸಲಿ ಎಂದು ತೋರಿಸುವ ಡಿಜಿಟಲ್ ಪ್ರಮಾಣಪತ್ರ ಮಾರಲು, ಡೊಮೇನ್‌ಗಾಗಿ ಅಲ್ಲ. ಡಾಟ್ ಕಾಂ ಹುಚ್ಚು ತುತ್ತತುದಿಯಲ್ಲಿದ್ದ 2000ದಲ್ಲಿ ನೆಟ್‌ವರ್ಕ್ ಸೊಲ್ಯೂಷನ್ಸನ್ನು ಸುಮಾರು 2,100 ಕೋಟಿ ಡಾಲರ್ ಬೆಲೆಗೆ, ಷೇರು ಕೊಟ್ಟು ಕೊಳ್ಳುವುದಾಗಿ ಪ್ರಕಟಿಸಿತು. ಗುಳ್ಳೆ ಒಡೆಯಿತು. 2001ರಲ್ಲಿ ಆ ಖರೀದಿಯ ಬೆಲೆಯನ್ನು ಪುಸ್ತಕದಿಂದ ತೆಗೆದುಹಾಕಿ ಸಾವಿರ ಕೋಟಿ ಡಾಲರಿಗೂ ಮಿಕ್ಕಿ ನಷ್ಟ ತೋರಿಸಬೇಕಾಯಿತು. 2003ರಲ್ಲಿ ಚಿಲ್ಲರೆ ವ್ಯಾಪಾರ ಮಾರಿತು, 2010ರಲ್ಲಿ ಪ್ರಮಾಣಪತ್ರದ ವ್ಯಾಪಾರವನ್ನು 128 ಕೋಟಿ ಡಾಲರಿಗೆ ಸಿಮ್ಯಾಂಟೆಕ್‌ಗೆ ಕೊಟ್ಟಿತು. ಹುಟ್ಟಿದ ಕೆಲಸವನ್ನೇ ಮಾರಿ, ನಡುವೆ ಕೊಂಡ ದಫ್ತರವನ್ನು ಇಟ್ಟುಕೊಂಡಿತು. ಅಷ್ಟು ದುಬಾರಿ ಎಂದು ಕಂಡ ಖರೀದಿಯ ಆ ಒಂದು ತುಂಡೇ ಇವತ್ತು ಇಡೀ ಕಂಪನಿ.

ಐಕ್ಯಾನ್ ಜತೆಗಿನ ಡಾಟ್ ಕಾಂ ಒಪ್ಪಂದ ಕೈತಪ್ಪಿದರೆ?

ಕಂಪನಿಯ ಕಥೆ ಅಲ್ಲಿಗೆ ಮುಗಿದಂತೆ. ಆದರೆ ಒಪ್ಪಂದದಲ್ಲೇ ಗಂಭೀರ ಉಲ್ಲಂಘನೆ ಆಗದಿದ್ದರೆ ನವೀಕರಣ ತಾನಾಗಿ ಆಗಬೇಕು ಎಂಬ ಕಲಮು ಇದೆ. ಟೆಂಡರ್ ಕರೆಯುವುದಿಲ್ಲ. 2024ರ ಡಿಸೆಂಬರ್ 1ರಿಂದ ಮತ್ತೆ ಆರು ವರ್ಷಕ್ಕೆ ಅದು ಮುಂದುವರಿಯಿತು. ಅದಕ್ಕೆ ತುಸು ಮುಂಚೆ ಅಮೆರಿಕದ ಸೆನೆಟರ್ ಎಲಿಜಬೆತ್ ವಾರೆನ್ ಮತ್ತು ಅಲ್ಲಿನ ಸಂಸತ್ ಸದಸ್ಯ ಜೆರಿ ನ್ಯಾಡ್ಲರ್ ಇದನ್ನು ಏಕಸ್ವಾಮ್ಯ ಎಂದು ಆಕ್ಷೇಪಿಸಿ ಸರ್ಕಾರಕ್ಕೆ ಪತ್ರ ಬರೆದಿದ್ದರು. ಎನ್‌ಟಿಐಎ ಕೂಡ ದರದ ಬಗ್ಗೆ ಕಳವಳ ಹೇಳಿಕೊಂಡಿತ್ತು. ಒಪ್ಪಂದ ಮಾತ್ರ ಹಾಗೇ ಮುಂದುವರಿಯಿತು.

ಬೇರೆ ರಿಜಿಸ್ಟ್ರಿಗಳೂ ಹೀಗೇ ಲಾಭ ಮಾಡುತ್ತವೆಯೇ?

ಎಲ್ಲವೂ ಅಲ್ಲ. ಡಾಟ್ ಆರ್ಗ್ ಲಾಭರಹಿತ ಸಂಸ್ಥೆಯ ಕೈಯಲ್ಲಿದೆ. 2019ರಲ್ಲಿ ಅದನ್ನು 113.5 ಕೋಟಿ ಡಾಲರಿಗೆ ಎಥೋಸ್ ಕ್ಯಾಪಿಟಲ್ ಎಂಬ ಖಾಸಗಿ ಹೂಡಿಕೆದಾರರಿಗೆ ಮಾರುವ ಮಾತುಕತೆ ಆದಾಗ ಜಗತ್ತಿನ ಸ್ವಯಂಸೇವಾ ಸಂಸ್ಥೆಗಳು ಎದ್ದು ನಿಂತವು. 2020ರ ಏಪ್ರಿಲ್ 30ರಂದು ಐಕ್ಯಾನ್ ಒಪ್ಪಿಗೆ ನಿರಾಕರಿಸಿತು. ಜನ ದನಿ ಎತ್ತಿದರೆ ಆಗುತ್ತದೆ ಎನ್ನಲು ಇದು ಸಾಕು.

ನಮ್ಮ ಡಾಟ್ ಇನ್ ನಿಕ್ಸಿ ಎಂಬ ಲಾಭರಹಿತ ಸಂಸ್ಥೆಯದು. ಯಂತ್ರ ನಡೆಸುವ ಕೆಲಸವನ್ನು ಅದು ಟೆಂಡರ್ ಕರೆದು ಕೊಡುತ್ತದೆ: ಮೊದಲು ಅಫಿಲಿಯಾಸ್, 2019ರಲ್ಲಿ ನ್ಯೂಸ್ಟಾರ್, 2025ರಲ್ಲಿ ಟುಕೋಸ್. ಕೆಲಸದವರು ಬದಲಾದರು, ಹೆಸರುಗಳು ಎಲ್ಲೂ ಹೋಗಲಿಲ್ಲ. ಡಾಟ್ ಕಾಂ ಬಗ್ಗೆ 'ಬೇರೆಯವರಿಗೆ ಕೊಟ್ಟರೆ ಅಪಾಯ' ಎಂಬ ಮಾತು ಬಂದಾಗ ನಾನು ಈ ಉದಾಹರಣೆ ಕೊಡುತ್ತೇನೆ. ಕನ್ನಡ ಲಿಪಿಯಲ್ಲೇ 'ಡಾಟ್ ಭಾರತ' ವಿಸ್ತರಣೆ ಕೂಡ ನಿಕ್ಸಿ ಬಳಿ ಇದೆ. ಹೊಸ ಅಂಗಡಿಯವರಿಗೆ ಡಾಟ್ ಇನ್ ಜತೆಗೆ ಅದನ್ನೂ ತೆಗೆದುಕೊಳ್ಳಿ ಎನ್ನುತ್ತೇನೆ.

ನಾವು ಇಲ್ಲಿಂದ ವೆರಿಸೈನ್ ಷೇರು ಕೊಳ್ಳಬಹುದೇ?

ಕಾನೂನಿನ ಅಡ್ಡಿ ಇಲ್ಲ. ವಿದೇಶಕ್ಕೆ ಹಣ ಕಳಿಸಲು ಇರುವ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯಡಿ ಒಬ್ಬರು ಹಣಕಾಸು ವರ್ಷಕ್ಕೆ 2.5 ಲಕ್ಷ ಡಾಲರ್‌ವರೆಗೆ ಕಳಿಸಬಹುದು. ಡಿವಿಡೆಂಡ್ ಮೇಲೆ ಅಮೆರಿಕದಲ್ಲೇ ಶೇ 25 ತೆರಿಗೆ ಹಿಡಿಯುತ್ತಾರೆ. ಇಲ್ಲಿ ರಿಟರ್ನ್ ಹಾಕುವಾಗ ಅದನ್ನು ತೋರಿಸಬೇಕು. ಕೊಳ್ಳಿ, ಬೇಡ ಎಂದು ಹೇಳುವ ಹಕ್ಕು ನನಗಿಲ್ಲ. ಒಂದೇ ಒಪ್ಪಂದದ ಮೇಲೆ ನಿಂತ ಕಂಪನಿ ಎಂಬುದನ್ನು ಮಾತ್ರ ತಿಳಿದುಕೊಂಡು ಕೊಳ್ಳಿ.

ಸರಿ, ಅಂಗಡಿಯವನಾಗಿ ನಾನೀಗ ಏನು ಮಾಡಲಿ?

ಮುಂದಿನ ಏರಿಕೆಗೆ ಒಪ್ಪಂದದಲ್ಲಿ ಅವಕಾಶ ತೆರೆಯುವುದು 2026ರ ಅಕ್ಟೋಬರ್ ಕೊನೆಗೆ. ನಾಲ್ಕು ಸಲವೂ ಶೇ 7 ಏರಿಸಿದರೆ 10.26 ಡಾಲರ್ ಹೋಗಿ 13.45ರ ಹತ್ತಿರ ಬರುತ್ತದೆ. ಆದರೆ ಏರಿಸುವ ಮೊದಲು ಆರು ತಿಂಗಳ ನೋಟಿಸ್ ಕೊಡಬೇಕು, ಆ ಅವಧಿಯಲ್ಲಿ ಹಳೇ ದರದಲ್ಲೇ ಒಟ್ಟು ಹತ್ತು ವರ್ಷದವರೆಗೆ ನವೀಕರಿಸಿಕೊಳ್ಳಬಹುದು. ಅಷ್ಟು ದುಡ್ಡು ಒಟ್ಟಿಗೆ ಹಾಕಲಾಗದವರು ಮೂರು ವರ್ಷಕ್ಕಾದರೂ ಮಾಡಿಸಿ. ರಿಜಿಸ್ಟ್ರಾರ್ ತನ್ನ ಚಿಲ್ಲರೆ ದರವನ್ನು ಬೇರೆ ಏರಿಸಿರಬಹುದು, ಕಟ್ಟುವ ಮುನ್ನ ಎರಡು ಕಡೆ ಹೋಲಿಸಿ.

ಅದಕ್ಕಿಂತ ಮೊದಲು ಡೊಮೇನ್ ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲಿನಲ್ಲಿ ಇದೆಯೇ ನೋಡಿ. ಮೇಲೆ ಹೇಳಿದ ಅಡಿಕೆ ಮಂಡಿಯವರದ್ದು ಹಿಂದೆ ಸೈಟ್ ಮಾಡಿಕೊಟ್ಟವರ ಹೆಸರಿನಲ್ಲಿತ್ತು. ಅವಧಿ ಮುಗಿದ ಪತ್ರಗಳೆಲ್ಲ ಅವರ ಇಮೇಲಿಗೆ ಹೋಗಿ, ಇವರಿಗೆ ಗೊತ್ತಾಗುವ ಹೊತ್ತಿಗೆ ಹೆಸರು ರಿಡೆಂಪ್ಷನ್ ಹಂತಕ್ಕೆ ಇಳಿದಿತ್ತು. ಆ ಹಂತಕ್ಕೆ ಇರುವುದು ಮೂವತ್ತು ದಿನ. ಇಪ್ಪತ್ತಾರನೇ ದಿನ ದಂಡ ಕಟ್ಟಿ ಬಿಡಿಸಿಕೊಂಡೆವು. ಈ ವಾರ ಅವರ ಹೆಸರನ್ನು ಐದು ವರ್ಷಕ್ಕೆ ನವೀಕರಿಸಿ, ರಸೀದಿಯನ್ನು ಪ್ರಿಂಟ್ ತೆಗೆಸಿ ಮಂಡಿಯ ಲೈಸೆನ್ಸ್ ಜತೆ ಅದೇ ಫೈಲಿನಲ್ಲಿ ಇಟ್ಟು ಬಂದೆ.